ಕರಾವಳಿಯಲ್ಲಿ ಕುದುರೆ ಸಾಕುವವರಿಗೆ: ತಳಿಯ ಆಯ್ಕೆ, ಲಾಯ, ಮೇವು, ಸವಾರಿ

ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ 1535ರ ಸುಮಾರಿಗೆ ವಿಜಯನಗರದಲ್ಲಿದ್ದು ಬರೆದಿಟ್ಟ ವಿವರಗಳಲ್ಲಿ ಒಂದು ವಿಚಿತ್ರ ಸಂಗತಿ ಇದೆ. ಸಾಳುವ ನರಸಿಂಹನು ಹೊರ್ಮುಜ್, ಏಡನ್‌ಗಳಿಂದ ತರಿಸುತ್ತಿದ್ದ ಕುದುರೆಗಳಿಗೆ, ಅವು ಬದುಕಿ ಬಂದರೂ ಸತ್ತರೂ ಒಂದೇ ಬೆಲೆ ಕೊಡುತ್ತಿದ್ದನಂತೆ. ಸಾವಿರ ಪರ್ದಾವಿಗೆ (ಆ ಕಾಲದ ಚಿನ್ನದ ನಾಣ್ಯ) ಮೂರು ಕುದುರೆ. ದಾರಿಯಲ್ಲಿ ಸತ್ತದ್ದಕ್ಕೆ ವ್ಯಾಪಾರಿ ಬಾಲವನ್ನಷ್ಟೇ ತಂದು ತೋರಿಸಿದರೂ ಹಣ ಸಿಗುತ್ತಿತ್ತು. ಹಾಗೆ ಭಟ್ಕಳದಂಥ ಬಂದರುಗಳಲ್ಲಿ ಇಳಿದ ಕುದುರೆಗಳು ಬೇಗನೆ ಘಟ್ಟ ಹತ್ತಿ ಹೋದವು. ನಮ್ಮ ಪಾಲಿಗೆ ಉಳಿದದ್ದು ಮೆರವಣಿಗೆಯ ಕೀಲುಕುದುರೆ, ದೈವಸ್ಥಾನಗಳ ಮರದ ಕುದುರೆ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಕರಾವಳಿ ಕುದುರೆ ಬಂದಿಳಿದ ಜಾಗ, ನೆಲೆ ನಿಂತ ಜಾಗವಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ, ಬೇಸಿಗೆಯಲ್ಲೂ ಆರದ ಬೆವರು, ಹಸುವಿಗೆ ಹೊಂದುವ ಮೇವು. ಇವು ಮೂರೂ ಕುದುರೆಗೆ ಪ್ರತಿಕೂಲ. ಆದರೂ ಮಂಗಳೂರು, ಉಡುಪಿ ಸುತ್ತಮುತ್ತ ಈಚೆಗೆ ತೋಟದ ಮನೆಯಲ್ಲಿ ಒಂದು ಕುದುರೆ ಕಟ್ಟಬೇಕೆನ್ನುವವರು ಸಿಗುತ್ತಾರೆ. ಕಟ್ಟಬಾರದು ಎಂದು ನಾನು ಹೇಳುವುದಿಲ್ಲ. ರಾಜಸ್ಥಾನದ ಮರಳಿನಲ್ಲೋ ಇಂಗ್ಲೆಂಡಿನ ಹುಲ್ಲುಗಾವಲಿನಲ್ಲೋ ಸಾಕುವ ವಿಧಾನವನ್ನು ವಿಡಿಯೊ ನೋಡಿ ಇಲ್ಲಿಗೆ ತಂದರೆ ನಡೆಯುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಇಲ್ಲಿ ಗೊರಸು ಒಣಗಿರಬೇಕು, ಮೈ ತಂಪಾಗಿರಬೇಕು, ಮೇವಿಗೆ ಬೂಸ್ಟು ಹತ್ತಬಾರದು. ಮುಂದಿನದೆಲ್ಲ ಇದರದೇ ವಿವರ.

ಮೊದಲ ಹೆಜ್ಜೆ: ಕೊಳ್ಳುವುದಕ್ಕೆ ಮೊದಲು ಕಲಿಯಿರಿ

ಬೆಂಗಳೂರು, ಮೈಸೂರುಗಳಲ್ಲಿ ಸವಾರಿ ಕಲಿಸುವ ಶಾಲೆಗಳಿವೆ. ರೇಸ್‌ಕೋರ್ಸಿನ ಸಂಪ್ರದಾಯವಿರುವ ಊರುಗಳಾದ್ದರಿಂದ ಲಾಳ ಕಟ್ಟುವವರು, ಕುದುರೆ ವೈದ್ಯರು, ಕುದುರೆ ನೋಡಿಕೊಳ್ಳುವ ಸೈಸ್‌ಗಳು ಅಲ್ಲಿ ಸಿಗುತ್ತಾರೆ. ರಜೆಯಲ್ಲಿ ಹೋಗಿ ಕಲಿಯಿರಿ. ಸವಾರಿಗಿಂತ ಮುಖ್ಯವಾಗಿ ಲಾಯದ ಕೆಲಸ ಕಲಿಯಿರಿ. ಬೆಳಿಗ್ಗೆ ಐದಕ್ಕೆ ಲದ್ದಿ ಎತ್ತಿ, ಮೈ ಉಜ್ಜಿ, ಗೊರಸು ಕೆರೆದು, ಜೀನು ಬಿಗಿದು ಆಮೇಲೆ ಹತ್ತುವ ಶಿಸ್ತು ಮೈಗೂಡಿದವನಿಗೆ ಮಾತ್ರ ಸ್ವಂತ ಕುದುರೆ ಸಲ್ಲುತ್ತದೆ. ಬೀಚಿನಲ್ಲಿ ಪ್ರವಾಸಿಗರನ್ನು ಕೂರಿಸಿ ಒಂದು ಸುತ್ತು ಹಾಕಿಸುವ ಕುದುರೆಯ ಮೇಲೆ ಕುಳಿತದ್ದನ್ನು ಸವಾರಿಯ ಅನುಭವ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಸಾಧ್ಯವಾದರೆ ಒಂದು ಮಳೆಗಾಲ ಪೂರ್ತಿ ಬೇರೆಯವರ ಕುದುರೆಯನ್ನು ನೋಡಿಕೊಳ್ಳಿ. ಆಟಿ ತಿಂಗಳ ಜಡಿಮಳೆಯಲ್ಲಿ ದಿನಕ್ಕೆರಡು ಸಲ ಗೊರಸು ಶುಚಿ ಮಾಡುವ ಉತ್ಸಾಹ ಉಳಿದಿದ್ದರೆ ಮುಂದಿನ ಹೆಜ್ಜೆಗೆ ಬನ್ನಿ.

ಎರಡನೆಯ ಹೆಜ್ಜೆ: ತಳಿ

ಜಗತ್ತಿನ ಕುದುರೆ ತಳಿಗಳೆಲ್ಲ ತಮ್ಮ ತಮ್ಮ ನೆಲದ ಹವೆಗೆ ಒಗ್ಗಿಕೊಂಡವು. ಐಸ್‌ಲ್ಯಾಂಡಿನ ಗಿಡ್ಡ ಕುದುರೆಗೆ ದಪ್ಪ ಕೂದಲು, ಜೊತೆಗೆ ಟೊಲ್ಟ್ ಎಂಬ ವಿಶೇಷ ನಡೆ. ಸವಾರನ ಕೈಯಲ್ಲಿರುವ ಲೋಟದ ನೀರು ತುಳುಕದಷ್ಟು ನಯವಾದ ನಡೆ ಅದು. ಆ ದೇಶ ತನ್ನ ತಳಿಯನ್ನು ಎಷ್ಟು ಜೋಪಾನ ಮಾಡುತ್ತದೆಂದರೆ, ಒಮ್ಮೆ ಹೊರದೇಶಕ್ಕೆ ಹೋದ ಕುದುರೆಗೆ ಮರಳಿ ಪ್ರವೇಶವಿಲ್ಲ. ತುರ್ಕಮೆನಿಸ್ತಾನದ ಅಖಾಲ್ ತೆಕೆ ಮರುಭೂಮಿಯ ತೆಳು ಮೈಯ ಕುದುರೆ, ಕೂದಲಿಗೆ ಲೋಹದ ಹೊಳಪು. ಮಂಗೋಲಿಯದ ಕುದುರೆ ಚಳಿಗಾಲದಲ್ಲೂ ಹಿಮ ಕೆದರಿ ಹುಲ್ಲು ಹುಡುಕಿಕೊಳ್ಳುತ್ತದೆ. ಇವನ್ನೆಲ್ಲ ಓದಿ ಸಂತೋಷಪಡೋಣ. ಸುರತ್ಕಲ್ಲಿನ ಸೆಕೆಗೆ ಇವು ಯಾವುವೂ ಅಲ್ಲ.

ನಮಗೆ ಪಾಠ ಹೇಳಬಲ್ಲ ವಿದೇಶಿ ತಳಿ ಒಂದಿದೆ. ಫ್ರಾನ್ಸಿನ ರೋನ್ ನದಿಯ ಮುಖಜಭೂಮಿಯಲ್ಲಿರುವ ಕಮಾರ್ಗ್ ಕುದುರೆ. ಹುಟ್ಟುವಾಗ ಕಪ್ಪು ಅಥವಾ ಕಂದು, ಬೆಳೆದಂತೆ ಬಿಳಿ. ಉಪ್ಪುನೀರಿನ ಜೌಗಿನಲ್ಲಿ ಶತಮಾನಗಳಿಂದ ಬದುಕಿದ್ದರಿಂದ ಅದರ ಗೊರಸು ಅಗಲ, ಗಟ್ಟಿ. ಎಷ್ಟೋ ಕುದುರೆಗಳಿಗೆ ಲಾಳವೇ ಬೇಡ. ಒದ್ದೆ ನೆಲದಲ್ಲಿ ಕುದುರೆ ಬಾಳಲಾರದು ಎಂಬ ಮಾತಿಗೆ ಇದು ಉತ್ತರ. ಆದರೆ ಹಾಗೆ ಒಗ್ಗಿಕೊಳ್ಳುವುದಕ್ಕೆ ಹಲವು ತಲೆಮಾರು ಬೇಕು, ನಾವು ಕೊಳ್ಳುವ ಒಂದು ಕುದುರೆಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ನಮ್ಮ ದೇಶದಲ್ಲಿ ಅಧಿಕೃತವಾಗಿ ಗುರುತಿಸಲಾದ ತಳಿಗಳು: ಮಾರ್ವಾರಿ, ಕಾಠಿಯಾವಾಡಿ, ಕಚ್ಛಿ-ಸಿಂಧಿ, ಮಣಿಪುರಿ, ಝಾನ್ಸ್‌ಕಾರಿ, ಸ್ಪೀತಿ, ಭೂಟಿಯಾ, ದಖ್ಖನಿನ ಭೀಮಥಡಿ. ಇವುಗಳಲ್ಲಿ ಹಿಮಾಲಯದ ಮೂರನ್ನು ಬಿಟ್ಟುಬಿಡಿ. ಮಾರ್ವಾರಿ ಎಂದರೆ ಎಲ್ಲರಿಗೂ ಮೋಹ. ಒಳಕ್ಕೆ ಬಾಗಿ ತುದಿಗೆ ತುದಿ ಮುಟ್ಟುವ ಕಿವಿ, ಎತ್ತಿದ ಕತ್ತು, ರೆವಾಲ್ ಎಂಬ ಕುಲುಕದ ನಡೆ. ಮದುವೆ ಮೆರವಣಿಗೆಯಲ್ಲಿ ಅದರ ಠೀವಿ ನೋಡಿಯೇ ಎಷ್ಟೋ ಜನ ಮರುಳಾಗುವುದು. ಅದು ಜೋಧಪುರದ ಒಣ ಬಿಸಿಲಿನ ಕುದುರೆ. ಬಿಸಿಲು ತಡೆದುಕೊಳ್ಳುತ್ತದೆ, ತೇವವನ್ನು ಕಷ್ಟಪಟ್ಟು ಸಹಿಸುತ್ತದೆ. ಸೌರಾಷ್ಟ್ರದ ಕಾಠಿಯಾವಾಡಿಯೂ ಅದೇ ಬಗೆ, ಸ್ವಲ್ಪ ಗಿಡ್ಡ. ಮಣಿಪುರಿ ಗಿಡ್ಡಕುದುರೆ ಹವೆಯ ದೃಷ್ಟಿಯಿಂದ ನಮಗೆ ಅತಿ ಹತ್ತಿರದ್ದು. ಇಂಫಾಲ ಕಣಿವೆಯ ಮಳೆ, ಜೌಗುಗಳಲ್ಲೇ ಬೆಳೆದದ್ದು, ಪೋಲೊ ಆಟದ ಮೂಲವಾದ ಸಗೋಲ್ ಕಾಂಗ್ಜೈ ಆಡಿದ್ದು ಅದರ ಮೇಲೆಯೇ. ಆದರೆ ಸಂಖ್ಯೆ ಕುಸಿದಿರುವುದರಿಂದ ಅಲ್ಲಿಂದ ತರಿಸುವ ಆಸೆ ಬಿಡುವುದೇ ಒಳ್ಳೆಯದು, ಎತ್ತರವೂ 11ರಿಂದ 13 ಕೈ ಮಾತ್ರ. ಒಂದು ಕೈ ಎಂದರೆ 4 ಇಂಚು. ದೊಡ್ಡವರ ಸವಾರಿಗೆ 14ರಿಂದ 15 ಕೈ ಎತ್ತರ ಅನುಕೂಲ.

ಇನ್ನುಳಿದದ್ದು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್. ಬೆಂಗಳೂರು, ಮೈಸೂರಿನ ಕಡೆಯಿಂದ ಕಡಿಮೆ ಬೆಲೆಗೆ ಸಿಗುವುದು ಇದೇ. ಈ ತಳಿಯ ಗಂಡು ವಂಶಾವಳಿ 17-18ನೇ ಶತಮಾನದಲ್ಲಿ ಇಂಗ್ಲೆಂಡಿಗೆ ಬಂದ ಬೈರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಕುದುರೆಗಳಿಗೆ ಹೋಗಿ ಮುಟ್ಟುತ್ತದೆ. ಓಡುವುದಕ್ಕಾಗಿಯೇ ಬೆಳೆಸಿದ ಪ್ರಾಣಿ. ಗೊರಸಿನ ಗೋಡೆ ಹಲವೊಮ್ಮೆ ತೆಳು, ಚರ್ಮ ನಾಜೂಕು, ಸ್ವಭಾವ ಚುರುಕು. ಕಡಿಮೆ ಬೆಲೆ ನೋಡಿ ಹೊಸಬರು ಇದಕ್ಕೆ ಕೈಹಾಕುವುದು ನನಗೆ ಸರಿಕಾಣುವುದಿಲ್ಲ.

ನನ್ನ ಆಯ್ಕೆ ಕೇಳಿದರೆ, ಎಂಟರಿಂದ ಹನ್ನೆರಡು ವರ್ಷದ, ಬೀಜ ತೆಗೆಸಿದ ಗಂಡು ಅಥವಾ ಸಾಧು ಸ್ವಭಾವದ ಹೆಣ್ಣು ಕುದುರೆ. ತಳಿ ಮಿಶ್ರವಾಗಿದ್ದರೂ ಚಿಂತೆಯಿಲ್ಲ. ಸಾಧ್ಯವಾದರೆ ಈಗಾಗಲೇ ಗೋವಾದಲ್ಲೋ ಕೇರಳದಲ್ಲೋ ನಮ್ಮ ಕಡೆಯಲ್ಲೋ ಒಂದೆರಡು ಮಳೆಗಾಲ ಕಳೆದಿರಬೇಕು. ವಂಶಾವಳಿಯ ಕಾಗದಕ್ಕಿಂತ ಇದು ದೊಡ್ಡ ಅರ್ಹತೆ.

ಮೂರನೆಯ ಹೆಜ್ಜೆ: ಪರೀಕ್ಷೆ ಮಾಡಿ ಕೊಳ್ಳುವುದು

ಮಾರುವವರು ಸುಳಿಯ ಬಗ್ಗೆ ತಾಸುಗಟ್ಟಲೆ ಮಾತಾಡುತ್ತಾರೆ. ಹಣೆಯ ಸುಳಿ ಶುಭ, ಇನ್ನೊಂದೆಡೆಯದು ಅಶುಭ ಎಂದು ಬೆಲೆ ಏರಿಸುವುದೂ ಇಳಿಸುವುದೂ ಉಂಟು. ಕೇಳಿಸಿಕೊಳ್ಳಿ, ತಲೆಯಾಡಿಸಿ, ಕೆಳಗೆ ಬಗ್ಗಿ ಕಾಲು ನೋಡಿ. ಕುದುರೆ ಕೊಳ್ಳುವಾಗ ಮೊದಲು ಗೊರಸನ್ನೇ ಪರೀಕ್ಷಿಸಬೇಕು ಎಂದು ಗ್ರೀಸಿನ ಕ್ಸೆನೊಫೋನ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಹೇಳಿದ್ದಾನೆ, ಅದನ್ನು ಯಾರೂ ಈವರೆಗೆ ತಿದ್ದಿಲ್ಲ. ನಾಲ್ಕೂ ಗೊರಸು ಎತ್ತಿಸಿ ನೋಡಿ. ಗೋಡೆಯಲ್ಲಿ ಅಡ್ಡಗೆರೆಗಳು ಆಳವಾಗಿ ಎದ್ದಿದ್ದರೆ ಹಿಂದೆ ಗೊರಸುರಿ, ಅಂದರೆ ಲ್ಯಾಮಿನೈಟಿಸ್ ಆಗಿರಬಹುದು. ಗಟ್ಟಿ ನೆಲದ ಮೇಲೆ ನೇರವಾಗಿ ಓಡಿಸಿ ನೋಡಿ. ಮುಂಗಾಲು ನೋವಿದ್ದರೆ ಆ ಕಾಲು ಊರುವಾಗ ತಲೆ ಮೇಲೇಳುತ್ತದೆ.

ವಯಸ್ಸನ್ನು ಹಲ್ಲಿನಿಂದ ತಿಳಿಯಬಹುದು. ಐದು ವರ್ಷಕ್ಕೆ ಬಾಚಿಹಲ್ಲುಗಳೆಲ್ಲ ಶಾಶ್ವತ ಹಲ್ಲುಗಳಾಗಿರುತ್ತವೆ. ಮೇಲಿನ ದವಡೆಯ ಮೂಲೆಯ ಬಾಚಿಹಲ್ಲಿನಲ್ಲಿ ಒಸಡಿನ ಬಳಿ ಸುಮಾರು ಹತ್ತನೆಯ ವರ್ಷಕ್ಕೆ ಕಂದು ಗೀರೊಂದು ಕಾಣಿಸಿಕೊಂಡು, ಹದಿನೈದಕ್ಕೆ ಅರ್ಧಕ್ಕಿಳಿದು, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಇದು ಅಂದಾಜು, ಪಂಚಾಂಗವಲ್ಲ.

ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆಯ ವರದಿ ಇಲ್ಲದೆ ಹಣ ಕೊಡಬೇಡಿ. ಇದು ಮನುಷ್ಯರಿಗೂ ಹರಡುವ ಮಾರಕ ಕಾಯಿಲೆ, ಸೋಂಕು ದೃಢಪಟ್ಟ ಕುದುರೆಯನ್ನು ಕೊಲ್ಲಲೇಬೇಕಾಗುತ್ತದೆ. ದೇಶದಲ್ಲಿ ಇಂಥ ಪರೀಕ್ಷೆಗಳಿಗೆ ಹೆಸರಾದದ್ದು ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಮಾದರಿ ಕಳುಹಿಸುವ ಕ್ರಮವನ್ನು ಪಶುವೈದ್ಯಾಧಿಕಾರಿಗಳೇ ತಿಳಿಸುತ್ತಾರೆ. ಸಾಗಣೆಗೆ ಆರೋಗ್ಯ ಪ್ರಮಾಣಪತ್ರವೂ ಬೇಕು.

ತರುವ ಕಾಲ ನವೆಂಬರ್‌ನಿಂದ ಜನವರಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಲಾರಿಗಳು ಸಾಲುಗಟ್ಟಿ ನಿಲ್ಲುವ ಹೊತ್ತಿಗೆ ನಿಮ್ಮ ಕುದುರೆ ಅದರಲ್ಲೊಂದರಲ್ಲಿ ಇರಬಾರದು. ಅಲ್ಲದೆ ಘಟ್ಟದ ಮೇಲಿನ ಒಣಹವೆಯಿಂದ ಬಂದ ಪ್ರಾಣಿಗೆ ಇಲ್ಲಿನ ಸೆಕೆಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಆ ಅವಧಿಯಲ್ಲಿ ಲಘು ನಡಿಗೆ ಬಿಟ್ಟು ಬೇರೆ ಕೆಲಸ ಬೇಡ.

ನಾಲ್ಕನೆಯ ಹೆಜ್ಜೆ: ಲಾಯ

ಹಟ್ಟಿಯ ಒಂದು ಮೂಲೆಯಲ್ಲಿ ಕಟ್ಟಿದರಾಯಿತು ಎನ್ನುವವರಿದ್ದಾರೆ. ನಮ್ಮ ಹಟ್ಟಿಯಲ್ಲಿ ಸೊಪ್ಪು, ತರಗೆಲೆ ಹಾಸಿ, ಅದರ ಮೇಲೆ ಸೆಗಣಿ ಗಂಜಲ ಬಿದ್ದು ಗೊಬ್ಬರವಾಗಲಿ ಎಂದು ದಿನಗಟ್ಟಲೆ ಬಿಡುವುದು ವಾಡಿಕೆ. ತೋಟಕ್ಕೆ ಅದು ಬಂಗಾರ, ಕುದುರೆಯ ಗೊರಸಿಗೆ ವಿಷ. ಲಾಯ ಬೇರೆಯೇ ಇರಲಿ.

ಅಳತೆ ಕನಿಷ್ಠ 12 ಅಡಿಗೆ 12 ಅಡಿ. ಮುರಕಲ್ಲಿನ ಗೋಡೆಯನ್ನು ನಾಲ್ಕೂವರೆ ಅಡಿಗೆ ನಿಲ್ಲಿಸಿ, ಮೇಲೆ ಗಾಳಿಯಾಡಲು ಬಿಡಿ. ಮಾಡಿಗೆ ಮಂಗಳೂರು ಹಂಚಿಗಿಂತ ಒಳ್ಳೆಯದು ಇಲ್ಲ. ತಗಡಿನ ಶೀಟು ಏಪ್ರಿಲ್‌ನಲ್ಲಿ ಕಾಯ್ದು ಒಳಗೆ ಬೆಂಕಿ, ಜುಲೈಯಲ್ಲಿ ಮಳೆಯ ಸದ್ದಿಗೆ ಕುದುರೆಗೆ ದಿಗಿಲು. ಮಾಡಿನ ಸೂರು ಎರಡೂ ಕಡೆ ಮೂರು ಮೂರು ಅಡಿ ಮುಂದೆ ಚಾಚಿರಲಿ, ಇಲ್ಲದಿದ್ದರೆ ಗಾಳಿಮಳೆಗೆ ಇರಿಚಲು ಒಳಗೆ ಬರುತ್ತದೆ. ನೆಲಕ್ಕೆ ಒರಟು ಕಾಂಕ್ರೀಟು, ಬಾಗಿಲ ಕಡೆಗೆ ಸಣ್ಣ ಇಳಿಜಾರು, ಅದರ ಮೇಲೆ ರಬ್ಬರ್ ಹಾಸು, ಮೇಲೆ ಮರದ ಮಿಲ್ಲಿನಿಂದ ತಂದ ಒಣ ಹುಡಿ. ಒದ್ದೆಯಾದ ಹುಡಿಯನ್ನು ದಿನವೂ ಎತ್ತಬೇಕು. ಕೈಯಲ್ಲಿ ಹಿಡಿದು ಮೂಗಿನ ಬಳಿ ತಂದಾಗ ಕಣ್ಣು ಉರಿದರೆ ಅಮೋನಿಯ ಕಟ್ಟಿದೆ ಎಂದರ್ಥ.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ಹಂಚು ಸರಿಮಾಡಿ, ಚರಂಡಿ ಬಿಡಿಸಿ, ಒಣ ಹುಲ್ಲನ್ನು ಅಟ್ಟಕ್ಕೇರಿಸಿ ಮುಗಿಸಿರಬೇಕು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನವನ್ನೇ ಕೊನೆಯ ಗಡುವು ಎಂದಿಟ್ಟುಕೊಳ್ಳಿ.

ಸುತ್ತಲಿನ ಬೇಲಿಯಲ್ಲಿ ಕಣಗಿಲೆ ಇದ್ದರೆ ಬುಡಸಹಿತ ಕೀಳಿ. ದೇವರ ಪೂಜೆಗೆ ಬೇಕಾದರೆ ದೂರದಲ್ಲಿ ನೆಡಿ. ಒಣಗಿ ಉದುರಿದ ಎಲೆಗಳಲ್ಲೂ ಕುದುರೆಯ ಹೃದಯ ನಿಲ್ಲಿಸುವಷ್ಟು ವಿಷ ಇರುತ್ತದೆ.

ಐದನೆಯ ಹೆಜ್ಜೆ: ಮೇವು

ಹದಿಮೂರನೆಯ ಶತಮಾನದ ಕೊನೆಗೆ ದಕ್ಷಿಣ ಭಾರತಕ್ಕೆ ಬಂದ ಮಾರ್ಕೊ ಪೋಲೊ, ಇಲ್ಲಿಯ ಜನ ಕುದುರೆಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಾರೆ, ಸಾಕುವ ಕ್ರಮ ಗೊತ್ತಿಲ್ಲದೆ ಕುದುರೆಗಳು ಸಾಯುತ್ತವೆ ಎಂದು ಬರೆದ. ಅದು ಪೂರ್ವ ಕರಾವಳಿಯ ಮಾತು. ಮಾಂಸದ ಮಾತು ಬಿಡಿ, ಕುಚ್ಚಲಕ್ಕಿ ಗಂಜಿ, ಅಕ್ಕಚ್ಚು, ತೌಡು ಕೊಟ್ಟು ಕುದುರೆಯನ್ನು ಕೆಡಿಸುವುದು ನಮ್ಮ ಕಡೆ ಈಗಲೂ ನಡೆಯುತ್ತದೆ.

ಕಾರಣ ತಿಳಿದರೆ ತಪ್ಪುವುದಿಲ್ಲ. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ, ಮೆಲುಕು ಹಾಕುವ ಸೌಕರ್ಯ. ಕುದುರೆಯ ಜಠರ ಚಿಕ್ಕದು, 8ರಿಂದ 15 ಲೀಟರ್. ನಾರು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ವಾಂತಿ ಮಾಡಲು ಅದಕ್ಕೆ ಸಾಧ್ಯವಿಲ್ಲ, ಆದ್ದರಿಂದ ತಪ್ಪಿ ಒಳಗೆ ಹೋದದ್ದು ಹೊರಗೆ ಬರುವ ದಾರಿ ಬಹಳ ಉದ್ದ. ಪಿಷ್ಟ ಹೆಚ್ಚಾಗಿ ಹಿಂದಿನ ಕರುಳಿಗೆ ಇಳಿದರೆ ಹುಳಿತು, ಹೊಟ್ಟೆಶೂಲೆಯೂ ಗೊರಸುರಿಯೂ ಬರುತ್ತವೆ.

ಲೆಕ್ಕ ಹೀಗೆ. ದೇಹತೂಕದ ಶೇಕಡ 1.5ರಿಂದ 2.5ರಷ್ಟು ಒಣಮೇವಿನ ಪ್ರಮಾಣ ದಿನಕ್ಕೆ ಬೇಕು. 400 ಕೆ.ಜಿ. ಕುದುರೆಗೆ 6ರಿಂದ 10 ಕೆ.ಜಿ. ಇದರ ಬಹುಪಾಲು ಹುಲ್ಲೇ ಆಗಿರಲಿ, ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಸಿಗುತ್ತಿರಲಿ. ಕಾಳು, ಬೂಸಾ ಒಂದು ಹೊತ್ತಿಗೆ 2 ಕೆ.ಜಿ. ದಾಟಬಾರದು. ಲಘು ಕೆಲಸದ ಕುದುರೆಗೆ ಅಷ್ಟೂ ಬೇಡ.

ಯಾವ ಹುಲ್ಲು ಎಂಬುದೇ ಇಲ್ಲಿನ ತೊಡಕು. ಬೈಹುಲ್ಲಿನಲ್ಲಿ ಸತ್ವವಿಲ್ಲ, ಬಾಯಾಡಿಸುವುದಕ್ಕೆ ಒಂದಿಷ್ಟು ಇರಬಹುದು. ಹೈನುಗಾರರು ಬೆಳೆಯುವ ನೇಪಿಯರ್, ಗಿನಿ ಹುಲ್ಲು ಹಸುರಾಗಿ ಧಾರಾಳವಾಗಿ ಸಿಗುತ್ತವೆ, ಆದರೆ ಅವುಗಳಲ್ಲಿ ಆಕ್ಸಲೇಟ್ ಇದೆ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ತೌಡಿನಲ್ಲಿ ರಂಜಕ ವಿಪರೀತ, ಅದೂ ಕ್ಯಾಲ್ಸಿಯಂಗೆ ಎದುರಾಳಿ. ನೇಪಿಯರ್ ಮತ್ತು ತೌಡು ಎರಡನ್ನೂ ತಿಂಗಳುಗಟ್ಟಲೆ ತಿಂದ ಕುದುರೆಯ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕರಗಿಸಿಕೊಳ್ಳುತ್ತದೆ. ಕುಂಟು ಕಾಣಿಸಿಕೊಳ್ಳುತ್ತದೆ, ಕೊನೆಗೆ ಮುಖದ ಮೂಳೆ ಊದಿ ತಲೆ ದಪ್ಪವಾಗುತ್ತದೆ. ಹೊಟ್ಟೆ ತುಂಬ ತಿಂದೂ ಸೊರಗುವ ಈ ಕಾಯಿಲೆಯನ್ನು ಹೊಸಬರು ಗುರುತಿಸುವುದೇ ಇಲ್ಲ.

ಪರಿಹಾರ ಸರಳ. ಗರಿಕೆ ಕುದುರೆಗೆ ಅತ್ಯುತ್ತಮ ಹುಲ್ಲು. ಬೇಸಿಗೆಯಲ್ಲಿ ಗದ್ದೆಯ ಬದುಗಳಿಂದ ಹೆರೆದು ತರಿಸಬಹುದು, ಮಣ್ಣು ತೊಳೆದು ಕೊಡಿ. ಲೂಸರ್ನ್, ಅಂದರೆ ಕುದುರೆ ಮೆಂತೆಯ ಒಣಹುಲ್ಲು ಘಟ್ಟದ ಮೇಲಿನಿಂದ ತರಿಸಿ ದಿನಕ್ಕೆ ಒಂದೆರಡು ಕೆ.ಜಿ. ಸೇರಿಸಿದರೆ ಕ್ಯಾಲ್ಸಿಯಂ ಕೊರತೆ ನೀಗುತ್ತದೆ. ಅದು ಸಿಗದ ದಿನಗಳಲ್ಲಿ ವೈದ್ಯರು ಹೇಳಿದಷ್ಟು ಮೇವಿನ ದರ್ಜೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ. ಎಲೆ ಅಡಿಕೆಯ ಸುಣ್ಣ ಬೇರೆ ವಸ್ತು, ಅದನ್ನು ಹಾಕಬೇಡಿ. ಹುರುಳಿ ಕೊಡುವ ದಕ್ಷಿಣದ ಹಳೆಯ ಪದ್ಧತಿ ಒಳ್ಳೆಯದೇ, ಆದರೆ ನೆನೆಸಿ ಬೇಯಿಸಿಯೇ ಕೊಡಬೇಕು.

ಮಳೆಗಾಲದಲ್ಲಿ ಬೂಸ್ಟು ಹಿಡಿದ ಹುಲ್ಲನ್ನು ಬಿಸಿಲಿಗೆ ಹಾಕಿ ಕೊಡುವ ಜಾಣತನ ಬೇಡ. ಬೂಸ್ಟಿನ ಕಣಗಳು ಶ್ವಾಸಕೋಶಕ್ಕೆ ಹೋಗಿ ಕುದುರೆಗೆ ಜೀವನಪರ್ಯಂತ ಉಬ್ಬಸ ಬರುತ್ತದೆ. ಅಂಥ ಹುಲ್ಲು ತೆಂಗಿನ ಬುಡಕ್ಕೆ.

ನೀರು ದಿನಕ್ಕೆ 25ರಿಂದ 45 ಲೀಟರ್, ಸೆಕೆಗಾಲದಲ್ಲಿ ಇನ್ನೂ ಹೆಚ್ಚು. ಉಪ್ಪು ದಿನಕ್ಕೆ ಸುಮಾರು 30 ಗ್ರಾಂ, ಬೆವರುವ ಕೆಲಸವಿದ್ದ ದಿನ ಅದಕ್ಕೂ ಮಿಗಿಲು.

ಆರನೆಯ ಹೆಜ್ಜೆ: ಗೊರಸು, ಚರ್ಮ

ಕುದುರೆಯ ಎಡಭುಜದ ಪಕ್ಕ, ಅದರ ಬಾಲದ ಕಡೆ ಮುಖ ಮಾಡಿ ನಿಲ್ಲಿ. ಎಡಗೈಯನ್ನು ಭುಜದಿಂದ ಕೆಳಕ್ಕೆ ಸವರುತ್ತ ಮೊಣಕಾಲು ದಾಟಿ ಕಾಲಿನ ಹಿಂಬದಿಯ ಸ್ನಾಯುರಜ್ಜುವನ್ನು ಮೆತ್ತಗೆ ಹಿಂಡಿ. ಪಳಗಿದ ಕುದುರೆ ಕಾಲೆತ್ತುತ್ತದೆ. ಗೊರಸನ್ನು ಅಂಗೈಯಲ್ಲಿ ಹಿಡಿದು, ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ತುದಿಯ ಕಡೆಗೆ ಕೆರೆಯಿರಿ, ಎಂದೂ ತಿರುವುಮುರುವಾಗಿ ಅಲ್ಲ. ತಳದ ನಡುವೆ ತ್ರಿಕೋನಾಕಾರದ ಮೆತ್ತನೆಯ ಭಾಗ ಕಾಣುತ್ತದೆ, ಅದರ ಎರಡೂ ಪಕ್ಕ ಮತ್ತು ನಡುವೆ ಸೀಳುಗಳಿವೆ. ಕೆಸರು, ಲದ್ದಿ ತುಂಬಿಕೊಳ್ಳುವುದು ಅಲ್ಲೇ. ಆರೋಗ್ಯವಿರುವಾಗ ಆ ಭಾಗ ರಬ್ಬರಿನಂತೆ ಬಿಗಿ, ವಾಸನೆಯಿಲ್ಲ. ಕಪ್ಪಗೆ ಅಂಟು ಕಸರು ಬಂದು ಮೂಗು ಮುಚ್ಚುವಂಥ ನಾತ ಹೊಡೆದರೆ ಕೊಳೆ ಶುರುವಾಗಿದೆ. ಬ್ರಷ್ಷಿನಿಂದ ತೊಳೆದು, ಹತ್ತಿಬಟ್ಟೆಯಿಂದ ಸೀಳಿನ ತಳದವರೆಗೆ ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಒಣ ನೆಲದ ಮೇಲೆ ಅರ್ಧ ತಾಸು ನಿಲ್ಲಿಸಿ. ಸೀಳು ಆಳವಾಗಿ ಒತ್ತಿದಾಗ ಕಾಲು ಎಳೆದುಕೊಂಡರೆ ವೈದ್ಯರಿಗೆ ತೋರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಎರಡು ಸಲ ಈ ಕೆಲಸ ತಪ್ಪಿಸುವಂತಿಲ್ಲ.

ಗೊರಸು ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಆರು ವಾರಕ್ಕೊಮ್ಮೆ ಕತ್ತರಿಸಿ ಸಮಮಾಡಿಸಬೇಕು. ಲಾಳ ಕಟ್ಟುವವರು ಇಲ್ಲಿ ಅಪರೂಪ, ಆದ್ದರಿಂದ ಕುದುರೆ ಇಟ್ಟಿರುವ ನಾಲ್ಕೈದು ಮನೆಯವರು ಸೇರಿ ಮೈಸೂರು ಕಡೆಯಿಂದ ಒಬ್ಬರನ್ನು ಸರದಿ ಪ್ರಕಾರ ಕರೆಸುವುದು ಅಗ್ಗ. ಮಣ್ಣಿನ ನೆಲದಲ್ಲಿ ಮಾತ್ರ ಓಡಾಡುವ ಕುದುರೆಗೆ ಲಾಳ ಬೇಡ, ಕತ್ತರಿಸುವುದಷ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ. ಡಾಂಬರು ರಸ್ತೆಯಲ್ಲಿ ಹೋಗುವುದಾದರೆ ಬೇಕು.

ಚರ್ಮಕ್ಕೆ ಮಳೆ ಹತ್ತಿದರೆ ಬೆನ್ನಿನ ಮೇಲೆ ಕೂದಲು ಗಂಟುಗಂಟಾಗಿ ಎದ್ದು, ಕಿತ್ತರೆ ಬುಡಸಹಿತ ಬರುತ್ತದೆ. ಇದು ಬ್ಯಾಕ್ಟೀರಿಯದ ಸೋಂಕು. ಮೈ ಒಣಗಿಸುವುದೇ ಅರ್ಧ ಚಿಕಿತ್ಸೆ. ಒಂದು ಕುದುರೆಗೆ ಬಳಸಿದ ಬ್ರಷ್, ಜೀನಿನ ಕೆಳಗಿನ ಬಟ್ಟೆಯನ್ನು ಮತ್ತೊಂದು ಕುದುರೆಗೆ ಬಳಸಬೇಡಿ.

ಏಳನೆಯ ಹೆಜ್ಜೆ: ಸವಾರಿ

ಕುದುರೆಗೆ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ. ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಕಾಣುವುದಿಲ್ಲ. ಅದಕ್ಕೇ ಭುಜದ ಕಡೆಯಿಂದ, ಮಾತಾಡುತ್ತ ಹತ್ತಿರ ಹೋಗುವುದು.

ಹೆಲ್ಮೆಟ್ ಹಾಕಿ, ಬೈಕಿನದಲ್ಲ, ಸವಾರಿಯದ್ದು. ಹಿಮ್ಮಡಿಯಿರುವ ಬೂಟು ಬೇಕು, ಚಪ್ಪಲಿಯಲ್ಲಿ ಹತ್ತಿದರೆ ಪಾದ ರಿಕಾಪಿನೊಳಗೆ, ಅಂದರೆ ಜೀನಿನಿಂದ ನೇತಾಡುವ ಕಾಲಿಡುವ ಬಳೆಯೊಳಗೆ, ಜಾರಿ ಸಿಕ್ಕಿಕೊಳ್ಳುತ್ತದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗ ಮೀರಬಾರದು. ಹೊಟ್ಟೆಪಟ್ಟಿಯನ್ನು ಎರಡು ಬೆರಳು ಹೋಗುವಷ್ಟು ಬಿಗಿದು, ಹತ್ತು ಹೆಜ್ಜೆ ನಡೆಸಿ ಮತ್ತೆ ನೋಡಿ. ಎಷ್ಟೋ ಕುದುರೆಗಳು ಬಿಗಿಯುವಾಗ ಉಸಿರು ಹಿಡಿದು ಹೊಟ್ಟೆ ಉಬ್ಬಿಸುತ್ತವೆ. ರಿಕಾಪಿನ ಉದ್ದಕ್ಕೆ, ಬೆರಳ ತುದಿಯನ್ನು ಅದು ನೇತಾಡುವ ಕೊಂಡಿಗೆ ಮುಟ್ಟಿಸಿ ರಿಕಾಪನ್ನು ಕಂಕುಳಿನವರೆಗೆ ಎಳೆದು ನೋಡುವುದು ಹಳೆಯ ಅಳತೆ.

ಎಡಗಡೆಯಿಂದ ಹತ್ತಿ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಲಂಬರೇಖೆಯಲ್ಲಿರಲಿ. ಲಗಾಮನ್ನು ಉಂಗುರ ಬೆರಳು, ಕಿರುಬೆರಳಿನ ನಡುವೆ ತೆಗೆದು ಹೆಬ್ಬೆರಳಿನಿಂದ ಮೇಲೆ ಒತ್ತಿ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ಹೊಸ ಶಿಷ್ಯರು ಉದ್ದ ಹಗ್ಗದಲ್ಲಿ ಸುತ್ತುವ ಕುದುರೆಯ ಮೇಲೆ ಲಗಾಮಿಲ್ಲದೆ, ರಿಕಾಪಿಲ್ಲದೆ ತಿಂಗಳುಗಟ್ಟಲೆ ಕೂರುತ್ತಾರೆ. ಅಲ್ಲಿನ ಲಿಪಿಜಾನರ್ ತಳಿಯ ಕುದುರೆಗಳ ನೃತ್ಯದಂಥ ಚಲನೆಯ ಹಿಂದಿರುವುದು ಈ ಬೇಸರದ ಪಾಠ. ಮಂಗೋಲಿಯದವರು ಗಿಡ್ಡ ರಿಕಾಪಿನಲ್ಲಿ ಎದ್ದುನಿಂತು ಹೋಗುತ್ತಾರೆ, ಅಮೆರಿಕದ ದನಗಾಹಿಗಳು ಉದ್ದ ರಿಕಾಪಿನಲ್ಲಿ ಕಾಲು ಚಾಚಿ ಒಂದೇ ಕೈಯಲ್ಲಿ ಲಗಾಮು ಹಿಡಿಯುತ್ತಾರೆ. ಪದ್ಧತಿ ಯಾವುದಾದರೂ, ಲಗಾಮಿಗೆ ಜೋತುಬಿದ್ದು ಸಮತೋಲ ಹುಡುಕುವವನು ಕುದುರೆಯ ಬಾಯನ್ನು ನೋಯಿಸುತ್ತಾನೆ. ಮೊದಲ ವಾರಗಳನ್ನು ಹಗ್ಗದ ಸುತ್ತಿನಲ್ಲೇ ಕಳೆಯಿರಿ.

ಗೊರಸಿನ ಸಪ್ಪಳ ಎಣಿಸಿದರೆ ನಡಿಗೆಗೆ ನಾಲ್ಕು ತಾಳ, ಟ್ರಾಟ್ ಎಂಬ ಕುಕ್ಕುಲೋಟಕ್ಕೆ ಎರಡು, ಕ್ಯಾಂಟರ್ ಎಂಬ ಹದವಾದ ಓಟಕ್ಕೆ ಮೂರು, ನಾಗಾಲೋಟಕ್ಕೆ ಮತ್ತೆ ನಾಲ್ಕು. ಟ್ರಾಟ್‌ನಲ್ಲಿ ಕುದುರೆಯ ಹೊರಭುಜ (ಸುತ್ತಿನ ಹೊರಬದಿಯದು) ಮುಂದೆ ಹೋದಾಗ ಮೇಲೇಳಿ, ಹಿಂದೆ ಬಂದಾಗ ಕೂರಿ. ನಿಲ್ಲಿಸುವುದನ್ನು ಚೆನ್ನಾಗಿ ಕಲಿಯುವ ಮೊದಲು ವೇಗ ಕಲಿಯಬೇಡಿ. ಬೆದರಿ ಓಡತೊಡಗಿದರೆ ಎರಡೂ ಲಗಾಮು ಜಗ್ಗಬೇಡಿ. ಒಂದನ್ನು ನಿಧಾನವಾಗಿ ನಿಮ್ಮ ತೊಡೆಯ ಕಡೆಗೆ ತಂದು ವೃತ್ತವನ್ನು ಕಿರಿದು ಮಾಡುತ್ತ ಬನ್ನಿ.

ಯಾವಾಗ ಸವಾರಿ ಮಾಡಬಾರದು ಎಂಬುದಕ್ಕೆ ಒಂದು ಒರಟು ಲೆಕ್ಕವಿದೆ. ಫ್ಯಾರನ್‌ಹೀಟ್ ಉಷ್ಣತೆಗೆ ಗಾಳಿಯ ತೇವಾಂಶದ ಶೇಕಡವನ್ನು ಕೂಡಿಸಿ. 130ರ ಕೆಳಗಿದ್ದರೆ ನಿಶ್ಚಿಂತೆ, 150 ದಾಟಿದರೆ ಎಚ್ಚರ, 180 ದಾಟಿದರೆ ಕುದುರೆ ಲಾಯದಲ್ಲೇ ಇರಲಿ. ಬೇಸಿಗೆಯ 32 ಡಿಗ್ರಿ ಸೆಲ್ಸಿಯಸ್ ಎಂದರೆ 90 ಫ್ಯಾರನ್‌ಹೀಟ್, ತೇವಾಂಶ 75, ಒಟ್ಟು 165. ಮಳೆಗಾಲದ ತಂಪು ದಿನ ಎಂದು ನಾವು ಭಾವಿಸುವ 27 ಡಿಗ್ರಿಗೆ 81, ತೇವಾಂಶ 95, ಒಟ್ಟು 176! ನಮಗೆ ಹಿತವೆನಿಸಿದ ಗಾಳಿಯಲ್ಲಿ ಕುದುರೆಯ ಬೆವರು ಆರುವುದೇ ಇಲ್ಲ. ಇನ್ನು ಕೆಲವು ಕುದುರೆಗಳು ಇಂಥ ಹವೆಯಲ್ಲಿ ಬೆವರುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ಕೆಲಸ ಮಾಡಿದ ಮೇಲೂ ಮೈ ಒಣಗಿದ್ದು, ಉಸಿರು ಮಾತ್ರ ನಾಯಿಯಂತೆ ಏರಿಳಿಯುತ್ತಿದ್ದರೆ ಅದೇ ಲಕ್ಷಣ. ಕೂಡಲೇ ನೆರಳಿಗೆ ತಂದು, ಕುತ್ತಿಗೆಯಿಂದ ಹಿಡಿದು ಮೈಮೇಲೆಲ್ಲ ತಣ್ಣೀರು ಸುರಿಯುತ್ತಲೇ ಇರಿ.

ಪಣಂಬೂರು, ಮಲ್ಪೆಯಂಥ ಕಡಲತೀರದಲ್ಲಿ ಸವಾರಿಯ ಆಸೆ ಎಲ್ಲರಿಗೂ. ಅಕ್ಟೋಬರ್ ಕಳೆದ ಮೇಲೆ, ಬೆಳಕು ಹರಿಯುವ ಹೊತ್ತಿಗೆ, ಇಳಿತದ ಸಮಯ ನೋಡಿ ಹೋಗಿ. ನೀರು ಹಿಂದೆ ಸರಿದ ಗಟ್ಟಿ ಒದ್ದೆ ಮರಳಿನ ಪಟ್ಟಿಯಲ್ಲಿ ಮಾತ್ರ ಓಡಿಸಬೇಕು. ಮೇಲಿನ ಸಡಿಲ ಮರಳಿನಲ್ಲಿ ಕಾಲಿನ ಸ್ನಾಯುರಜ್ಜು ಹರಿಯುವ ಅಪಾಯವಿದೆ. ಕೈರಂಪಣಿ, ಅಂದರೆ ದಡದಿಂದ ಎಳೆಯುವ ಬಲೆ, ಎಳೆಯುವ ಜಾಗದಲ್ಲಿ ಹಗ್ಗ, ಬಲೆ, ಕಬ್ಬಿಣದ ತುಂಡುಗಳು ಮರಳಿನಡಿ ಇರುತ್ತವೆ, ಮೀನುಗಾರರನ್ನು ಕೇಳಿಯೇ ಮುಂದೆ ಹೋಗಿ. ಅದು ಅವರ ಕೆಲಸದ ಅಂಗಳ, ನಮ್ಮದು ಖುಷಿ. ಮನೆಗೆ ಬಂದ ಮೇಲೆ ಕಾಲು, ಹೊಟ್ಟೆಯನ್ನು ಸಿಹಿನೀರಿನಿಂದ ತೊಳೆಯಿರಿ. ಜೀನಿನ ಚರ್ಮಕ್ಕೆ ಉಪ್ಪುಗಾಳಿ ಹೊಡೆದರೆ ಹೊಲಿಗೆ ಒಳಗೊಳಗೇ ಕೊಳೆಯುತ್ತದೆ, ರಿಕಾಪಿನ ಪಟ್ಟಿಯನ್ನು ಪ್ರತಿ ಸಲವೂ ಬಗ್ಗಿಸಿ ನೋಡಬೇಕು.

ಎಂಟನೆಯ ಹೆಜ್ಜೆ: ಕಾಯಿಲೆಯ ಹೊತ್ತು

ಧನುರ್ವಾಯುವಿನ ಚುಚ್ಚುಮದ್ದು ಕಡ್ಡಾಯ, ಕುದುರೆಗೆ ಅದು ಬಹು ಸುಲಭವಾಗಿ ತಗಲುತ್ತದೆ. ರೇಬಿಸ್ ಲಸಿಕೆಯನ್ನೂ ಹಾಕಿಸಿ. ನೊಣಗಳಿಂದ ಹರಡುವ ಸರ್ರಾ ರೋಗದಲ್ಲಿ ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಕಾಲು ಊದುತ್ತದೆ, ಮೇವು ತಿಂದರೂ ಸೊರಗುತ್ತದೆ.

ನಮ್ಮ ಊರಿನ ಪಶುವೈದ್ಯರಲ್ಲಿ ಬಹುಪಾಲು ದನಗಳ ಅನುಭವವಿರುವವರು. ಅವರ ಮೊಬೈಲ್ ಸಂಖ್ಯೆಯ ಜೊತೆಗೆ ಬೆಂಗಳೂರಿನ ಕುದುರೆ ವೈದ್ಯರೊಬ್ಬರ ಸಂಖ್ಯೆಯೂ ಇರಲಿ, ಇಬ್ಬರನ್ನೂ ಮೊದಲೇ ಪರಸ್ಪರ ಪರಿಚಯಿಸಿಡಿ. ಶಿವಮೊಗ್ಗದಲ್ಲೂ ಪಶುವೈದ್ಯಕೀಯ ಕಾಲೇಜು ಇದೆ, ಆಗುಂಬೆಯ ಮೇಲಿನ ದಾರಿ.

ಹೆಚ್ಚು ಹೆದರಬೇಕಾದದ್ದು ಹೊಟ್ಟೆಶೂಲೆಗೆ. ಕುದುರೆ ಮೇವು ಬಿಟ್ಟು ಪಕ್ಕೆಯನ್ನು ತಿರುಗಿ ತಿರುಗಿ ನೋಡುತ್ತದೆ, ಮುಂಗಾಲಿನಿಂದ ನೆಲ ಕೆದರುತ್ತದೆ, ಮಲಗಿ ಹೊರಳುತ್ತದೆ, ಲದ್ದಿ ನಿಂತಿರುತ್ತದೆ. ಮೇವನ್ನೆಲ್ಲ ತೆಗೆಯಿರಿ. ಬಾಯಿಗೆ ಎಣ್ಣೆ, ಕಷಾಯ, ಸೋಡ ಸುರಿಯಬೇಡಿ, ಶ್ವಾಸನಾಳಕ್ಕೆ ಹೋದರೆ ಇನ್ನೊಂದು ಅನಾಹುತ. ಹೊರಳದೆ ಸುಮ್ಮನೆ ಮಲಗಿದ್ದರೆ ಎಬ್ಬಿಸುವ ಅಗತ್ಯವಿಲ್ಲ, ಹೊರಳುತ್ತಿದ್ದರೆ ನಿಧಾನವಾಗಿ ನಡೆಸಿ. ದವಡೆಯ ಮೂಳೆಯ ಒಳಅಂಚಿನಲ್ಲಿ ಬೆರಳಿಟ್ಟು ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿ 28ರಿಂದ 44 ಸಹಜ, 60 ದಾಟಿದರೆ ಗಂಭೀರ. ಜ್ವರಮಾಪಕ 37.5ರಿಂದ 38.5 ಡಿಗ್ರಿ ತೋರಿಸಬೇಕು. ಒಸಡನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕೊನೆಯ ಸಲ ಲದ್ದಿ ಹಾಕಿದ ಹೊತ್ತು, ನಾಡಿ, ಜ್ವರ, ಒಸಡಿನ ಬಣ್ಣ, ಇಷ್ಟನ್ನೂ ಗಂಟೆಯೊಡನೆ ಒಂದು ಚೀಟಿಯಲ್ಲಿ ಬರೆದುಕೊಂಡೇ ಫೋನ್ ಮಾಡಿ. ವೈದ್ಯರು ಮೊದಲು ಕೇಳುವುದು ಅದನ್ನೇ.